ಎರೆಹೊಲದ ಜರಿ: ಹುಡುಕಿ, ಕಾಲು ಎಣಿಸಿ ಗುರುತಿಸಿದ ಬಗೆ

ಕಲಬುರಗಿ ಸುತ್ತಲಿನ ತೊಗರಿ ಹೊಲಗಳಲ್ಲಿ ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳಿಗೆ ಮಣ್ಣಿನ ಜೀವಿಗಳನ್ನು ಪರಿಚಯಿಸುವಾಗ ನಾನು ಹೆಚ್ಚು ಗಮನವಿಟ್ಟು ನೋಡಿದ್ದು ಮೆಸಿಸ್ಟೊಸೆಫಾಲಸ್ ಕುಲದ ಜರಿಗಳನ್ನು. ಕಲ್ಲಿನಡಿ ಕಾಣುವ ದಪ್ಪ ಜರಿಗಳಂತಲ್ಲದೆ ಇವು ಮಣ್ಣಿನೊಳಗೇ ಬದುಕುತ್ತವೆ. ಮೈ ದಾರದಂತೆ ತೆಳ್ಳಗೆ, ಮಾಸಲು ಹಳದಿ, ತಲೆ ಉದ್ದ, ಕೆಂಗಂದು, ಕಣ್ಣುಗಳಿಲ್ಲ.

ಬೇಸಿಗೆಯಲ್ಲಿ ಎರೆನೆಲ ಬಿರಿದಾಗ ಹುಡುಕಿ ಫಲವಿಲ್ಲ. ಮಿರಗದ ಮಳೆ ಬಿದ್ದು ಮಣ್ಣು ಹದಕ್ಕೆ ಬಂದ ಮೇಲೆ ಬದುವಿನ ಬಳಿ 25 ಸೆಂ.ಮೀ. ಚೌಕದ, 30 ಸೆಂ.ಮೀ. ಆಳದ ಗುಂಡಿ ತೆಗೆದು, ಮಣ್ಣನ್ನು ಬಿಳಿ ಟ್ರೇಯಲ್ಲಿ ಹರಡುತ್ತೇನೆ. ಬಲ್ಬಿನ ಶಾಖಕ್ಕೆ ಜೀವಿಗಳನ್ನು ಕೆಳಗಿಳಿಸುವ ಬರ್ಲೀಸ್ ಆಲಿಕೆ ಬೀದರಿನ ಜಂಬಿಟ್ಟಿಗೆ ಮಣ್ಣಿಗೆ ಒಗ್ಗೀತು. ಎರೆಮಣ್ಣು ಮಾತ್ರ ಒಣಗುತ್ತ ಕುಗ್ಗಿ ಗಟ್ಟಿ ಹೆಂಟೆಯಾಗುವುದರಿಂದ ಜರಿ ಒಳಗೇ ಸಿಕ್ಕಿಬೀಳುತ್ತದೆ. ಹೆಂಟೆಯನ್ನು ಬೆರಳಿನಿಂದ ಮೆಲ್ಲಗೆ ಒಡೆದು, ಮೆತ್ತನೆಯ ಕುಂಚದಿಂದ ಎತ್ತುವುದೇ ನನ್ನ ಮಟ್ಟಿಗೆ ಸರಿಯಾದ ಕ್ರಮ. ಹೊಲದವರು ಪ್ರತಿ ಸಲವೂ “ಕಡೀತದೇನ್ರಿ ಸರ?” ಎಂದು ಕೇಳುತ್ತಾರೆ, ಇದರ ತಲೆಯಡಿಯ ಪುಟ್ಟ ವಿಷದ ಕೊಂಡಿಗಳಿಂದ ಮನುಷ್ಯರಿಗೆ ಅಪಾಯವಿಲ್ಲ.

ನಿಜವಾದ ಕೆಲಸ ಸೂಕ್ಷ್ಮದರ್ಶಕದ ಕೆಳಗೆ. ಮೈಯ ಒಂದು ಖಂಡಕ್ಕೆ (ಉಂಗುರದಂಥ ಭಾಗಕ್ಕೆ) ಒಂದೇ ಜೊತೆ ಕಾಲಿದ್ದರೆ ಜರಿ, ಬಹುಪಾಲು ಖಂಡಗಳಲ್ಲಿ ಎರಡೆರಡು ಜೊತೆಯಿದ್ದರೆ ಸಹಸ್ರಪದಿ. ಆಮೇಲೆ ಎಣಿಕೆ. ವಿಷದ ಕೊಂಡಿಗಳನ್ನು ಬಿಟ್ಟು, ಅದರ ಹಿಂದಿನ ಜೊತೆಯಿಂದ ಆರಂಭಿಸಿ, ನಡೆಯಲು ಬಳಸದ ಕೊನೆಯ ನೀಳ ಜೊತೆಯನ್ನೂ ಸೇರಿಸಿ, ಒಂದೇ ಪಕ್ಕದಲ್ಲಿ ಎಣಿಸುತ್ತ ಹೋಗಬೇಕು. ಮಣ್ಣಿನ ಜರಿಗಳ ಈ ಗಣದಲ್ಲಿ ಕಾಲಿನ ಜೊತೆಗಳು 27ರಿಂದ 191ರವರೆಗೆ ಇರುತ್ತವೆ, ಮತ್ತು ಆ ಸಂಖ್ಯೆ ಬೆಸವೇ ಆಗಿರುತ್ತದೆ; ಆದ್ದರಿಂದ ವಿದ್ಯಾರ್ಥಿ 48 ಎಂದು ಬರೆದುಕೊಂಡು ಬಂದರೆ ಮಾದರಿಯನ್ನು ನೋಡದೆಯೇ ಮತ್ತೆ ಎಣಿಸಲು ಕಳಿಸುತ್ತೇನೆ. ಬೇರೆ ಅನೇಕ ಕುಟುಂಬಗಳಲ್ಲಿ ಒಂದೇ ಪ್ರಭೇದದೊಳಗೂ ಈ ಸಂಖ್ಯೆ ವ್ಯತ್ಯಾಸವಾಗಿ, ಹೆಣ್ಣಿಗೆ ಸಾಮಾನ್ಯವಾಗಿ ಹೆಚ್ಚಿರುತ್ತದೆ. ಮೆಸಿಸ್ಟೊಸೆಫಾಲಸ್‌ನಲ್ಲಿ ಹಾಗಲ್ಲ: ಕೆಲವನ್ನು ಬಿಟ್ಟರೆ ಪ್ರತಿ ಪ್ರಭೇದಕ್ಕೂ ಅದು ನಿಶ್ಚಿತ, ಬಹಳಷ್ಟರಲ್ಲಿ 49. ಇಂಗ್ಲೆಂಡಿನ ಕೀಟಶಾಸ್ತ್ರಜ್ಞ ನ್ಯೂಪೋರ್ಟ್ 1843ರಲ್ಲಿ ವಿವರಿಸಿದ ಮೆಸಿಸ್ಟೊಸೆಫಾಲಸ್ ಪಂಕ್ಟಿಫ್ರಾನ್ಸ್‌ಗೂ ಅಷ್ಟೇ. ಮರಿಗಳು ಖಂಡಗಳ ಪೂರ್ಣ ಸಂಖ್ಯೆಯೊಡನೆಯೇ ಹುಟ್ಟುವುದರಿಂದ ಚಿಕ್ಕ ಜರಿಯೂ ಎಣಿಕೆಗೆ ಯೋಗ್ಯ, ಬೆಳೆಯಲಿ ಎಂದು ಕಾಯಬೇಕಿಲ್ಲ. ಆದರೆ 49 ಸಿಕ್ಕಿತೆಂದು ಪ್ರಭೇದದ ಹೆಸರು ಬರೆಯುವುದು ಆತುರವಾದೀತು. ತಲೆ ಮತ್ತು ಕೊಂಡಿಗಳ ಹಲ್ಲುಗಳನ್ನು ನೋಡುವವರೆಗೆ ನಾನು ಕುಲದ ಹೆಸರಿಗೇ ನಿಲ್ಲುತ್ತೇನೆ.

ಮಾದರಿಗಳನ್ನು 70 ಶೇಕಡಾ ಆಲ್ಕೋಹಾಲಿನಲ್ಲಿಟ್ಟು, ಊರು, ಮಣ್ಣು, ಆಳ, ದಿನಾಂಕಗಳ ಚೀಟಿಯನ್ನು ಸೀಸೆಯ ಒಳಗೇ ಹಾಕುತ್ತೇನೆ. ಚೀಟಿಯನ್ನು ಪೆನ್ಸಿಲಿನಲ್ಲೇ ಬರೆಯಬೇಕು, ಪೆನ್ನಿನ ಶಾಯಿ ಆಲ್ಕೋಹಾಲಿನಲ್ಲಿ ಕರಗುತ್ತದೆ.