ಎಡ ಪುಟದಲ್ಲಿ ಪಾದ್ರಿ, ಬಲ ಪುಟದಲ್ಲಿ ಹೆಂಗಸರು

ನಾನು ಪಿಯು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವವಳು. ನಲವತ್ತು ದಾಟಿದ ಮೇಲೆ ಪಿಎಚ್‌ಡಿ ಹುಚ್ಚು ಹಿಡಿಯಿತು. ವಿಷಯ ಚಾರ್ಲ್ಸ್ ಕಿಂಗ್ಸ್ಲಿ. ವಿಕ್ಟೋರಿಯಾ ಕಾಲದ ಪಾದ್ರಿ, ಕಾದಂಬರಿಕಾರ, 'ವಾಟರ್ ಬೇಬೀಸ್' ಬರೆದವನು. ಆತನಿಂದ ಬರೆಯುವ, ಓದುವ ಹೆಂಗಸರಿಗೆ ಏನಾಯಿತು ಅನ್ನುವುದು ನನ್ನ ಪ್ರಶ್ನೆ.

ಮೊದಲ ಅಧ್ಯಾಯ ಸಲೀಸಾಗಿ ಬಂತು. ಸಿರಿವಂತರ ಮನೆಯಲ್ಲಿದ್ದು ಮಕ್ಕಳಿಗೆ ಕಲಿಸುವ ಗವರ್ನೆಸ್‌ಗಳಿಗೇ ಸರಿಯಾದ ಓದು ಇರಲಿಲ್ಲ. ಅದಕ್ಕಾಗಿ ಕಿಂಗ್ಸ್ಲಿಯ ಗುರುವಿನಂತಿದ್ದ ಪಾದ್ರಿ ಎಫ್. ಡಿ. ಮಾರಿಸ್ 1848ರಲ್ಲಿ ಲಂಡನ್ನಿನ ಹಾರ್ಲಿ ಸ್ಟ್ರೀಟ್‌ನಲ್ಲಿ ಕ್ವೀನ್ಸ್ ಕಾಲೇಜ್ ಶುರುಮಾಡಿದರು. ಕಿಂಗ್ಸ್ಲಿ ಎವರ್ಸ್ಲಿ ಎಂಬ ಹಳ್ಳಿಯ ಚರ್ಚಿನಿಂದ ಅಲ್ಲಿಗೆ ಬಂದು ಹುಡುಗಿಯರಿಗೆ ಇಂಗ್ಲಿಷ್ ಸಾಹಿತ್ಯ ಹೇಳಿದ. ಮುಂದೆ ಹೆಂಗಸರು ಡಾಕ್ಟರಾಗಲಿ ಎಂದ. 1869ರಲ್ಲಿ ಅವರ ಮತದ ಹಕ್ಕಿನ ಪರವಾಗಿ ಬರೆದ. ನಾನು ಆತನಿಗೆ ಹಾರ ಹಾಕಿ ಮೂವತ್ತು ಪುಟ ತುಂಬಿಸಿದೆ. ಗೈಡ್ ಮೇಡಂ ಓದಿ, ಮಾರ್ಜಿನ್‌ನಲ್ಲಿ ಒಂದೇ ಸಾಲು ಬರೆದರು: "ಇದರಲ್ಲಿ ಹೆಂಗಸರು ಎಲ್ಲಮ್ಮಾ?"

ಎರಡು ದಿನ ಸಿಟ್ಟಿತ್ತು. ಆಮೇಲೆ ಒಂದು ಲಾಂಗ್ ನೋಟ್‌ಬುಕ್ ತಂದೆ. ಎಡ ಪುಟದಲ್ಲಿ ಆತ ಮಾಡಿದ್ದು, ಆಡಿದ್ದು. ಬಲ ಪುಟದಲ್ಲಿ ಆ ಹೆಂಗಸು ತಾನೇ ಮಾಡಿದ್ದು, ತಾನೇ ಬರೆದದ್ದು. ಎರಡೂ ಕಡೆ ತಾರೀಖು ಕಡ್ಡಾಯ.

ತಾರೀಖು ಹಾಕಿದ ಕೂಡಲೇ ಮಾನ ಹೋಯಿತು. ಎಡಿನ್‌ಬರೋದಲ್ಲಿ ಮೆಡಿಕಲ್ ಓದಿಗಾಗಿ ಹೋರಾಡಿದ ಸೋಫಿಯಾ ಜೆಕ್ಸ್-ಬ್ಲೇಕ್ ಕ್ವೀನ್ಸ್ ಕಾಲೇಜಿನವಳು, ನಿಜ. ಅವಳನ್ನು ಕಿಂಗ್ಸ್ಲಿಯ ಶಿಷ್ಯೆ ಎಂದು ಬರೆದುಬಿಟ್ಟಿದ್ದೆ. ಆದರೆ ಆತ ಅಲ್ಲಿ ಪಾಠ ಮಾಡಿದ್ದು 1848ರಲ್ಲಿ, ಕೆಲವೇ ತಿಂಗಳು. ಆರೋಗ್ಯ ಕೆಟ್ಟು ಬಿಟ್ಟ. ಆಗ ಅವಳಿಗೆ ಎಂಟು ವರ್ಷ!

ಇನ್ನೊಂದು ಎಡವಟ್ಟು ಹೆಸರುಗಳದ್ದು. ಬಸ್ಸಿನಲ್ಲಿ ಮೊಬೈಲಿನಲ್ಲೇ ಹಳೇ ಪುಸ್ತಕಗಳ ಸ್ಕ್ಯಾನ್ ಓದುತ್ತಿದ್ದೆ. 'ಮೇರಿ ಕಿಂಗ್ಸ್ಲಿ' ಅಂತ ಸಿಕ್ಕಿದ್ದನ್ನೆಲ್ಲ ಒಂದೇ ಪುಟಕ್ಕೆ ಇಳಿಸಿದೆ. ಒಬ್ಬಳು ಆತನ ಮಗಳು, ಇನ್ನೊಬ್ಬಳು ತಮ್ಮ ಜಾರ್ಜ್‌ನ ಮಗಳು. ಸಾಲದ್ದಕ್ಕೆ ಆತನ ತಂಗಿಯ ಹೆಸರು ಶಾರ್ಲೆಟ್. ಅವಳೂ ಲೇಖಕಿ, ಡೆವನ್‌ನ ಜರಿಗಿಡಗಳ ಬಗ್ಗೆ ಪುಸ್ತಕ ಬರೆದವಳು. ಅವಳನ್ನೂ ಕಾದಂಬರಿಗಾರ್ತಿ ಶಾರ್ಲೆಟ್ ಬ್ರಾಂಟೆಯನ್ನೂ ಬೇರೆ ಮಾಡಲು ಒಂದು ಭಾನುವಾರ ಪೂರ್ತಿ ಹೋಯಿತು. ಇಂಥ ಕೆಲಸಕ್ಕೆ ಇಳಿಯುವವರು ಮೊದಲು ಒಂದು ವಂಶವೃಕ್ಷ ಬರೆದಿಟ್ಟುಕೊಳ್ಳಿ.

ಬ್ರಾಂಟೆಯ ಪುಟ ಮಾತ್ರ ನಾನು ಮರೆಯುವಂಥದ್ದಲ್ಲ. ಕಿಂಗ್ಸ್ಲಿ ಅವಳ 'ಶರ್ಲಿ' ಕಾದಂಬರಿಯನ್ನು ಶುರುವಿನಲ್ಲೇ ಬಿಟ್ಟಿದ್ದ. ಈಕೆಗೆ ಒರಟುತನ ಇಷ್ಟ ಇರಬೇಕು ಅಂದುಕೊಂಡು ಅವಳ ಪುಸ್ತಕಗಳ ಸಹವಾಸವೇ ಬೇಡ ಎಂದಿದ್ದ. 1857ರಲ್ಲಿ ಇನ್ನೊಬ್ಬ ಕಾದಂಬರಿಗಾರ್ತಿ ಎಲಿಜಬೆತ್ ಗ್ಯಾಸ್ಕೆಲ್ ಬರೆದ ಬ್ರಾಂಟೆಯ ಜೀವನಚರಿತ್ರೆ ಬಂತು. ಅದನ್ನು ಓದಿ, ನಾನು ಅವಳನ್ನು ತಪ್ಪಾಗಿ ತಿಳಿದಿದ್ದೆ ಎಂದು ಗ್ಯಾಸ್ಕೆಲ್‌ಗೆ ಕಾಗದ ಬರೆದ. ಬ್ರಾಂಟೆ ತೀರಿಕೊಂಡು ಆಗಲೇ ಎರಡು ವರ್ಷ. ಎಡ ಪುಟ ತುಂಬಿತು. ಬಲ ಪುಟದಲ್ಲಿ ಏನು ಬರೆಯಲಿ? ಸುಮ್ನೆ 1855 ಅಂತ ಬರೆದೆ. ಗ್ಯಾಸ್ಕೆಲ್ ವಿಷಯ ಬೇರೆ. ಮದುವೆಯಾಗದೆ ತಾಯಿಯಾದ ಹುಡುಗಿಯ ಕಥೆ 'ರೂತ್' ಬರೆದಾಗ ಅವಳ ಪರಿಚಯದವರೇ ಪುಸ್ತಕ ಸುಟ್ಟಿದ್ದರು. ಇಂಥವನ್ನೇ ಇನ್ನೂ ಬರೆಯಿರಿ ಎಂದು 1853ರಲ್ಲೇ ಅವಳಿಗೆ ಕಾಗದ ಹಾಕಿದವನೂ ಇದೇ ಪಾದ್ರಿ.

ಮಗಳು ಮೇರಿ 'ಲೂಕಸ್ ಮ್ಯಾಲೆಟ್' ಎಂದು ಗಂಡಸಿನ ಹೆಸರಿನಲ್ಲಿ ಕಾದಂಬರಿ ಬರೆದಳು. ಮನೆತನದ ಹಳೇ ಹೆಸರುಗಳನ್ನು ಜೋಡಿಸಿ ಮಾಡಿಕೊಂಡ ಹೆಸರು ಅದು. ಅಪ್ಪನ ಹೆಸರಿನ ಹಂಗು ಬೇಡವಾಗಿತ್ತು. ಅಪ್ಪ ಕ್ಯಾಥೊಲಿಕರ ಕಡು ವಿರೋಧಿ. 1864ರಲ್ಲಿ ಕ್ಯಾಥೊಲಿಕ್ ಪಾದ್ರಿ ನ್ಯೂಮನ್ ಜೊತೆ ಬಹಿರಂಗವಾಗಿ ಜಗಳವಾಡಿ ಸೋತವನು. ಮಗಳು 1902ರಲ್ಲಿ ಕ್ಯಾಥೊಲಿಕ್ ಆದಳು! ಇದೂ ಪ್ರಭಾವವೇ ಅಲ್ವಾ, ಉಲ್ಟಾ ದಿಕ್ಕಿನದು.

ತಮ್ಮನ ಮಗಳು ಮೇರಿಗೆ ದುಡ್ಡು ಕೊಟ್ಟು ಕಲಿಸಿದ್ದು ಜರ್ಮನ್ ಭಾಷೆ ಮಾತ್ರ. ತನ್ನ ತಮ್ಮನ ಓದಿಗೆ 2,000 ಪೌಂಡ್ ಖರ್ಚಾಯಿತು ಎಂದು ಅವಳೇ ಹೇಳಿಕೊಂಡಿದ್ದಾಳೆ. ಮಿಕ್ಕಿದ್ದನ್ನೆಲ್ಲ ಅಪ್ಪನ ಪುಸ್ತಕದ ಕಪಾಟಿನಿಂದ ಕಲಿತಳು. 1892ರಲ್ಲಿ ಅಪ್ಪ ಅಮ್ಮ ಇಬ್ಬರೂ ತೀರಿಕೊಂಡ ಮೇಲೆ ಪಶ್ಚಿಮ ಆಫ್ರಿಕಾಕ್ಕೆ ಹೊರಟಳು. 1897ರಲ್ಲಿ ಬಂದ ಅವಳ ಪ್ರವಾಸ ಪುಸ್ತಕದಲ್ಲಿ, ಪ್ರಾಣಿ ಹಿಡಿಯಲು ಚೂಪು ಗೂಟ ನೆಟ್ಟ ಗುಂಡಿಗೆ ಬಿದ್ದಾಗ ದಪ್ಪ ಸ್ಕರ್ಟೇ ಕಾಪಾಡಿತು ಅಂತ ನಗುತ್ತಾ ಬರೆಯುತ್ತಾಳೆ. ಹುಡುಗಿಯರ ಕಾಲೇಜಿನಲ್ಲಿ ಪಾಠ ಮಾಡಿದವನ ಮನೆತನದಲ್ಲೇ ಹುಡುಗಿಯ ಓದಿನ ಗತಿ ಹೀಗೆ. ಆದರೆ ಆ ತಪ್ಪು ಅವಳ ಅಪ್ಪನದು, ದೊಡ್ಡಪ್ಪನ ತಲೆಗೆ ಕಟ್ಟಬಾರದು. ಅವಳ ಎಡ ಪುಟ ಖಾಲಿ ಬಿಟ್ಟೆ.

ಇಷ್ಟೆಲ್ಲ ಆದಮೇಲೆ ಒಂದು ರಾತ್ರಿ ಹೊಳೆಯಿತು. ಕಿಂಗ್ಸ್ಲಿಯ ಕಾಗದಗಳನ್ನು ನಾನು ಓದುತ್ತಿದ್ದದ್ದು 1877ರ ಎರಡು ಸಂಪುಟಗಳಲ್ಲಿ. ಯಾವ ಕಾಗದ ಉಳಿಯಬೇಕು, ಯಾವ ಸಾಲು ಕತ್ತರಿಸಬೇಕು ಎಂದು ಆರಿಸಿದವಳು ಹೆಂಡತಿ ಫ್ಯಾನಿ. ಬ್ರಾಂಟೆ ಬಗ್ಗೆ ಆ ತಪ್ಪೊಪ್ಪಿಗೆ ನನಗೆ ಸಿಕ್ಕಿದ್ದೂ ಅವಳು ಅದನ್ನು ಉಳಿಸಿದ್ದರಿಂದ. ಮುಖಪುಟದಲ್ಲಿ ಅವಳ ಹೆಸರೇ ಇಲ್ಲ, 'ಸಂಪಾದಕಿ: ಅವರ ಪತ್ನಿ' ಎನ್ನುವಷ್ಟೇ ಇದೆ. ಎರಡು ವರ್ಷ ಅವಳ ಪುಸ್ತಕವನ್ನೇ ತಿರುವಿಹಾಕುತ್ತಾ ಹೆಂಗಸರನ್ನು ಹುಡುಕಿದ್ದೆ, ಅವಳಿಗೇ ನನ್ನ ನೋಟ್‌ಬುಕ್‌ನಲ್ಲಿ ಪುಟ ಇರಲಿಲ್ಲ.

ಮೊದಲ ಅಧ್ಯಾಯ ಹರಿದು ಹಾಕಿ ಫ್ಯಾನಿಯಿಂದಲೇ ಶುರುಮಾಡಿದೆ. ಈ ಸಲ ಮೇಡಂ ಮಾರ್ಜಿನ್‌ನಲ್ಲಿ ಕಾಗುಣಿತ ಮಾತ್ರ ತಿದ್ದಿದ್ದಾರೆ. ಮಗಳ ಅಧ್ಯಾಯ ಬಾಕಿ ಇದೆ. ಲೂಕಸ್ ಮ್ಯಾಲೆಟ್ ಕಾದಂಬರಿಗಳು ಜಾಸ್ತಿ ದಪ್ಪ, ಮುಂದಿನ ವಾರದಿಂದ ಪೇಪರ್ ವ್ಯಾಲ್ಯುಯೇಶನ್ ಬೇರೆ.