ಪೋಕ್ಸೊ ಕಡತ ಮತ್ತು ಕಿರಿಯ ವಕೀಲರು: ಶಿವಮೊಗ್ಗದ ಫೆಲೋಶಿಪ್ ಕೆಲಸದಲ್ಲಿ ನನ್ನ ಅನುಭವ

ಮಕ್ಕಳ ಹಕ್ಕುಗಳ ಫೆಲೋಶಿಪ್‌ಗೆ ಬರುವ ಕಿರಿಯ ವಕೀಲರಿಗೆ ಕೋರ್ಟಿನಲ್ಲಿ ನಿಂತು ವಾದ ಮಾಡುವ ಆಸೆ ಇರುತ್ತದೆ. ಪೋಕ್ಸೊ, ಅಂದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಕಾಯ್ದೆಯ ಪ್ರಕರಣದಲ್ಲಿ ಮಗುವಿನ ಪರ ವಕೀಲರಿಗೆ ಆ ಜಾಗ ಬಹಳ ಕಿರಿದು. ಪ್ರಕರಣ ನಡೆಸುವವರು ಸರ್ಕಾರಿ ಅಭಿಯೋಜಕರು. ಕಾಯ್ದೆಯ 40ನೇ ಕಲಂ ಅಡಿಯಲ್ಲಿ ನಾವು ಅವರಿಗೆ ನೆರವಾಗಬಹುದು, ಸಾಕ್ಷ್ಯ ಮುಗಿದ ಮೇಲೆ ನ್ಯಾಯಾಲಯದ ಅನುಮತಿ ಪಡೆದು ಲಿಖಿತ ವಾದ ಕೊಡಬಹುದು. ನಿಜವಾದ ಕೆಲಸ ಇರುವುದು ಠಾಣೆ, ಆಸ್ಪತ್ರೆ, ಮಕ್ಕಳ ಕಲ್ಯಾಣ ಸಮಿತಿ ಮತ್ತು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ನಡುವೆ ಓಡಾಡುವ ಕಾಗದಗಳಲ್ಲಿ. ಅವು ಸರಿಯಿದ್ದರೆ ಮಗು ಅರ್ಧ ಗೆದ್ದಂತೆ.

ವಕಾಲತ್ತನ್ನು, ಅಂದರೆ ನಮ್ಮನ್ನು ಮಗುವಿನ ಪರ ವಕೀಲರೆಂದು ನೇಮಿಸುವ ಪತ್ರವನ್ನು, ಚಾರ್ಜ್‌ಶೀಟ್ ಬರುವ ಮೊದಲೇ ಹಾಕಿಬಿಡಬೇಕು. ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 230ನೇ ಕಲಂ ಪ್ರಕಾರ ಸಂತ್ರಸ್ತರ ಪರ ವಕೀಲರಿದ್ದರೆ ಪೊಲೀಸ್ ವರದಿ ಮತ್ತು ದಾಖಲೆಗಳ ಪ್ರತಿ ಅವರಿಗೂ ಸಿಗಬೇಕು. ವಕಾಲತ್ತು ಇಲ್ಲದಿದ್ದರೆ ಅದೇ ಪ್ರತಿಗಾಗಿ ಅರ್ಜಿ ಹಾಕಿಕೊಂಡು ಕಾಯುತ್ತಾ ಕೂರಬೇಕಾಗುತ್ತದೆ. ಸಹಿ ಸಾಮಾನ್ಯವಾಗಿ ತಾಯಿಯದ್ದು. ಆರೋಪಿ ಮನೆಯವರೇ ಆಗಿದ್ದಾಗ ಪೋಷಕರು ಯಾರೆಂಬುದನ್ನು ಮಕ್ಕಳ ಕಲ್ಯಾಣ ಸಮಿತಿಯ ಆದೇಶದಲ್ಲಿ ಬರೆಸಿಕೊಂಡ ಮೇಲೆಯೇ ಸಹಿ ತೆಗೆದುಕೊಳ್ಳಬೇಕು. 1987ರ ಕಾನೂನು ಸೇವೆಗಳ ಕಾಯ್ದೆಯಡಿ ಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಇದೆ. ಹಾಗಾಗಿ ಪ್ರಾಧಿಕಾರದಿಂದ ನೇಮಕದ ಆದೇಶ ಪಡೆದು ಹೋಗುವುದು ಮೇಲು. ಆ ಒಂದು ಹಾಳೆ ಕೈಯಲ್ಲಿದ್ದರೆ ಠಾಣೆಯಲ್ಲಿ ‘ನೀವ್ಯಾರು?’ ಎಂಬ ಪ್ರಶ್ನೆ ಬರುವುದಿಲ್ಲ.

ನಾನು ಕಂಡಂತೆ ಹೆಚ್ಚು ಪ್ರಕರಣಗಳು ಎಡವುವುದು ವಯಸ್ಸಿನ ದಾಖಲೆಯಲ್ಲಿ. ಬಾಲನ್ಯಾಯ ಕಾಯ್ದೆಯ 94ನೇ ಕಲಂ ಒಂದು ಅನುಕ್ರಮ ಹೇಳುತ್ತದೆ. ಮೊದಲು ಶಾಲೆ ಕೊಟ್ಟ ಜನ್ಮ ದಿನಾಂಕದ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಅದಿಲ್ಲದಿದ್ದರೆ ಸ್ಥಳೀಯ ಸಂಸ್ಥೆಯ ಜನನ ಪ್ರಮಾಣಪತ್ರ, ಅದೂ ಇಲ್ಲದಿದ್ದಾಗ ಮಾತ್ರ ಮೂಳೆ ಪರೀಕ್ಷೆ. ತನಿಖಾಧಿಕಾರಿ ಸುಲಭಕ್ಕೆ ಸಿಗುವ ಟಿಸಿಯನ್ನೋ ದಾಖಲಾತಿ ರಿಜಿಸ್ಟರ್‌ನ ನಕಲನ್ನೋ ಲಗತ್ತಿಸಿ ಕೈ ತೊಳೆದುಕೊಳ್ಳುತ್ತಾರೆ. ಅವು 94ನೇ ಕಲಂ ಕೇಳುವ ದಾಖಲೆಗಳಲ್ಲ ಎಂದು ಸುಪ್ರೀಂ ಕೋರ್ಟ್ 2023ರ ಪಿ. ಯುವಪ್ರಕಾಶ್ ಪ್ರಕರಣದಲ್ಲಿ ಹೇಳಿದೆ. ರಿಜಿಸ್ಟರ್‌ನಲ್ಲಿ ಹುಟ್ಟಿದ ದಿನ ‘ಜೂನ್ 1’ ಎಂದಿದ್ದರಂತೂ ಮೇಷ್ಟ್ರು ಶಾಲೆಗೆ ಸೇರಿಸಲು ಅಂದಾಜಿನಲ್ಲಿ ಬರೆದದ್ದು ಎಂದು ಎದುರು ವಕೀಲರು ಹಿಡಿದುಕೊಳ್ಳುತ್ತಾರೆ.

ಆಗ ಜನನ ರಿಜಿಸ್ಟರ್ ಹುಡುಕಬೇಕು. ಎಲ್ಲಿ ಹುಡುಕುವುದೆಂಬುದೇ ಇಲ್ಲಿನ ತೊಡಕು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗುವುದರಿಂದ ತೀರ್ಥಹಳ್ಳಿಯ ಮಗುವಿನ ಜನನ ಸೊರಬದಲ್ಲೋ ಶಿಕಾರಿಪುರದಲ್ಲೋ ನೋಂದಣಿಯಾಗಿರುತ್ತದೆ. ನೋಂದಣಿ ನಡೆಯುವುದು ಹುಟ್ಟಿದ ಊರಿನಲ್ಲಿ, ವಾಸದ ಊರಿನಲ್ಲಲ್ಲ. ಅಜ್ಜಿಯನ್ನು ಕೇಳಿದರೆ ಹೆರಿಗೆ ಎಲ್ಲಾಯಿತು ಎಂದು ಹೇಳುತ್ತಾರೆ. ತಾಯಿ ಕಾರ್ಡ್, ಅಂಗನವಾಡಿಯ ಪುಸ್ತಕ ಆ ಜಾಗಕ್ಕೆ ದಾರಿ ತೋರಿಸುತ್ತವೆ. ಪ್ರಕರಣ ದಾಖಲಾದ ಮೇಲೆ ಹೊಸದಾಗಿ ತಡ ನೋಂದಣಿ ಮಾಡಿಸಬೇಡಿ, ಅದು ಕೇಸಿಗಾಗಿಯೇ ಹುಟ್ಟಿದ ದಾಖಲೆಯಂತೆ ಕಾಣುತ್ತದೆ. ಮೂಳೆ ಪರೀಕ್ಷೆಯನ್ನು ನಾವಾಗಿ ಕೇಳುವುದೂ ಬೇಡ. ಅದರಲ್ಲಿ ಎರಡು ವರ್ಷದ ಏರುಪೇರು ಇರುವುದರಿಂದ 16–17ರ ಹುಡುಗಿಯ ಪ್ರಕರಣದಲ್ಲಿ ಸಂಶಯದ ಲಾಭ ಆರೋಪಿಗೆ ಹೋಗುತ್ತದೆ.

ಎರಡನೆಯ ತೊಡಕು ಹೇಳಿಕೆಯದ್ದು. ಮಗು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯಬೇಕೆಂದು ಕಾಯ್ದೆಯೇ ಹೇಳುತ್ತದೆ. ಆದರೂ ಎಂಟು ವರ್ಷದ ಮಗು ‘ಆ ಮಾವ ಹಂಗ್ ಮಾಡ್ದ’ ಎಂದದ್ದು ಕಡತದಲ್ಲಿ ‘ಸದರಿ ಆರೋಪಿಯು ದುರುದ್ದೇಶದಿಂದ ನನ್ನ ಮೈಮುಟ್ಟಿ’ ಎಂದಾಗಿರುತ್ತದೆ. ಮುಂದೆ ಸಾಕ್ಷಿ ಕಟ್ಟೆಯಲ್ಲಿ ಮಗು ತನ್ನದೇ ಮಾತಿನಲ್ಲಿ ಹೇಳಿದಾಗ ಅದು ವ್ಯತ್ಯಾಸ ಎಂದು ದಾಖಲಾಗುತ್ತದೆ. ದಿನಾಂಕದ ಕಥೆಯೂ ಇದೇ. ಮಗು ‘ಅಡಿಕೆ ಸುಲಿತ ನಡೀತಿತ್ತು, ಮಾರಿಜಾತ್ರೆ ಆಗಿತ್ತು’ ಎನ್ನುತ್ತದೆ. ಬರೆಯುವವರು ಅದನ್ನು ಒಂದು ತಾರೀಖಿಗೆ ಇಳಿಸುತ್ತಾರೆ. ಆ ತಾರೀಖು ಆರೋಪಿ ಬೇರೆ ಊರಿನಲ್ಲಿದ್ದನೆಂದು ತೋರಿಸಿದರೆ ಇಡೀ ಪ್ರಕರಣ ಅಲುಗಾಡುತ್ತದೆ. ಆದ್ದರಿಂದ ಬಿಎನ್‌ಎಸ್‌ಎಸ್ 183ರ ಅಡಿ ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಆಗುವ ಮೊದಲೇ ತನಿಖಾಧಿಕಾರಿಗೆ ಲಿಖಿತವಾಗಿ ಕೇಳಬೇಕು: ಮಗುವಿನ ಮಾತು ಹಾಗೇ ಇರಲಿ, ಜಾತ್ರೆಯ ಗುರುತೇ ಇರಲಿ, ಅವಧಿ ಎಂದು ಬರೆಯಲಿ. ತಾಂಡಾದಿಂದ ಬಂದ, ಲಂಬಾಣಿ ಮಾತ್ರ ಸರಾಗವಾಗಿ ಆಡುವ ಮಗುವಾದರೆ ಭಾಷಾಂತರಕಾರರ ಪಟ್ಟಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ಇರಬೇಕು. ಕೇಳಿದವರಿಗೆ ಸಿಗುತ್ತದೆ, ಕೇಳದಿದ್ದರೆ ಠಾಣೆಯಲ್ಲಿ ಕೈಗೆ ಸಿಕ್ಕವರೇ ಭಾಷಾಂತರಕಾರರು.

ಸಾಕ್ಷ್ಯದ ದಿನಕ್ಕೆ ಮೊದಲು ಮಗುವಿಗೆ ಖಾಲಿ ಕೋರ್ಟ್ ಹಾಲ್ ತೋರಿಸುತ್ತೇನೆ. ಯಾರು ಎಲ್ಲಿ ಕೂರುತ್ತಾರೆ, ಪ್ರಶ್ನೆ ನ್ಯಾಯಾಧೀಶರ ಮೂಲಕವೇ ಬರುತ್ತದೆ, ಆರೋಪಿ ಕಣ್ಣಿಗೆ ಬೀಳುವುದಿಲ್ಲ, ‘ಗೊತ್ತಿಲ್ಲ’ ಎನ್ನಬಹುದು, ನೀರು ಕೇಳಬಹುದು. ಇಷ್ಟೇ. ಏನು ಹೇಳಬೇಕೆಂಬುದರ ಬಗ್ಗೆ ಒಂದು ಮಾತೂ ಆಡಬಾರದು. ‘ವಕೀಲರು ಹೇಳಿಕೊಟ್ಟರಾ?’ ಎಂಬ ಪ್ರಶ್ನೆ ಬಂದೇ ಬರುತ್ತದೆ, ಆಗ ಮಗು ಸುಳ್ಳು ಹೇಳುವ ಪರಿಸ್ಥಿತಿ ಇರಕೂಡದು. ದಿನಾಂಕ ಕೇಳುವಾಗ ಊರಿನ ಲೆಕ್ಕವೂ ತಲೆಯಲ್ಲಿರಲಿ. ಅಡಿಕೆ ಕೊಯ್ಲಿನ ತಿಂಗಳುಗಳಲ್ಲಿ ಕೂಲಿ ಬಿಟ್ಟು ಬರಲು ತಾಯಂದಿರಿಗೆ ಆಗುವುದಿಲ್ಲ. ಆಗುಂಬೆ, ಹೊಸನಗರದ ಕಡೆಯವರಿಗೆ ಜುಲೈ–ಆಗಸ್ಟ್‌ನಲ್ಲಿ ಬೆಳಗಿನ ಬಸ್ಸನ್ನು ನಂಬಲು ಬರುವುದಿಲ್ಲ. ತುಮರಿ ಕಡೆಯವರಿಗೆ 2025ರಲ್ಲಿ ಸಿಗಂದೂರು ಸೇತುವೆ ಆದ ಮೇಲೆ ಲಾಂಚಿಗೆ ಕಾಯುವ ಕಷ್ಟ ತಪ್ಪಿದೆ.

ಹಣದ ವಿಷಯದಲ್ಲಿ ಸಂಕೋಚ ಬೇಡ. 2020ರ ಪೋಕ್ಸೊ ನಿಯಮ 8ರ ಅಡಿ ಊಟ, ಬಟ್ಟೆ, ಪ್ರಯಾಣಕ್ಕೆ ಮಕ್ಕಳ ಕಲ್ಯಾಣ ಸಮಿತಿ ತುರ್ತು ನೆರವು ಶಿಫಾರಸು ಮಾಡಬಹುದು, ಅದು ಒಂದು ವಾರದಲ್ಲಿ ಕೈಸೇರಬೇಕು. ನಿಯಮ 9ರ ಮಧ್ಯಂತರ ಪರಿಹಾರವನ್ನು ಎಫ್‌ಐಆರ್ ಆದ ಮೇಲೆ ಯಾವ ಹಂತದಲ್ಲಾದರೂ ಕೇಳಬಹುದು. ಆದೇಶ ತಲುಪಿ 30 ದಿನದೊಳಗೆ ಪಾವತಿ ಆಗಬೇಕು. ಅರ್ಜಿಯಲ್ಲಿ ‘ಸೂಕ್ತ ಪರಿಹಾರ’ ಎಂದಷ್ಟೇ ಬರೆದರೆ ಕೈಗೆ ಬರುವುದು ಅಲ್ಪ. ತಪ್ಪಿದ ಶಾಲೆಯ ದಿನಗಳು, ಮೆಗ್ಗಾನ್ ಆಸ್ಪತ್ರೆಗೆ ಓಡಾಡಿದ ಚೀಟಿಗಳು, ತಾಯಿ ಕಳೆದುಕೊಂಡ ಕೂಲಿ, ಆಪ್ತಸಮಾಲೋಚಕರ ವರದಿ ಎಲ್ಲವನ್ನೂ ಲಗತ್ತಿಸಬೇಕು. ಆದೇಶವಾದರೂ ಹಣ ಬ್ಯಾಂಕಿನಲ್ಲಿ ಸಿಕ್ಕಿಕೊಳ್ಳುವುದುಂಟು. ಪೂರ್ತಿ ಕೆವೈಸಿ ಇಲ್ಲದ ಸಣ್ಣ ಖಾತೆಯಲ್ಲಿ 50,000 ರೂಪಾಯಿಗಿಂತ ಹೆಚ್ಚು ಶಿಲ್ಕು ಇರಕೂಡದು. ದೊಡ್ಡ ಮೊತ್ತ ಅಲ್ಲಿ ತಡೆದುಕೊಳ್ಳುತ್ತದೆ. ಅರ್ಜಿ ಹಾಕುವ ವಾರವೇ ಮಗುವಿನ ಹೆಸರಿನಲ್ಲಿ, ಆರೋಪಿಯ ಕಡೆಯವರ ಕೈ ಸೋಕದ ಪೋಷಕರ ಜೊತೆ, ಪೂರ್ತಿ ಕೆವೈಸಿ ಇರುವ ಖಾತೆ ಮಾಡಿಸಿ. ಆಧಾರ್‌ನ ಹೆಸರೂ ಆದೇಶದ ಹೆಸರೂ ಅಕ್ಷರಕ್ಕೆ ಅಕ್ಷರ ಹೊಂದಲಿ.

ಆರೋಪಿ ತೋಟದ ಯಜಮಾನರ ಕಡೆಯವನಾಗಿದ್ದು, ಕುಟುಂಬ ಅದೇ ತೋಟದ ಲೈನ್ ಮನೆಯಲ್ಲಿದ್ದರೆ ರಾಜಿಯ ಮಾತು ತಪ್ಪದೆ ಬರುತ್ತದೆ. ತಾಯಿಗೆ ಧೈರ್ಯ ಹೇಳಿದರೆ ಸಾಲದು, ಅವರಿಗೆ ಸೂರು ಬೇಕು. 2018ರ ಸಾಕ್ಷಿ ಸಂರಕ್ಷಣಾ ಯೋಜನೆಯಡಿ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಗೆ ಅರ್ಜಿ ಹಾಕಬಹುದು. ಐದು ಕೆಲಸದ ದಿನಗಳಲ್ಲಿ ಪೊಲೀಸರು ಬೆದರಿಕೆಯ ವರದಿ ಕೊಡಬೇಕು. ಯಾರು, ಯಾವತ್ತು, ಯಾವ ನಂಬರಿನಿಂದ, ಏನೆಂದರು ಎಂಬುದು ಅರ್ಜಿಯಲ್ಲಿರಲಿ. ‘ಬೆದರಿಕೆ ಇದೆ’ ಎಂಬ ಒಂದು ಸಾಲಿನ ಮೇಲೆ ಯಾರೂ ವರದಿ ಬರೆಯಲಾರರು.

ಸಾಕ್ಷ್ಯ 30 ದಿನದಲ್ಲಿ, ವಿಚಾರಣೆ ಒಂದು ವರ್ಷದಲ್ಲಿ ಮುಗಿಯಲಿ ಎಂದು ಪೋಕ್ಸೊ ಕಾಯ್ದೆಯ 35ನೇ ಕಲಂ ಹೇಳಿದರೂ ಫೆಲೋಶಿಪ್ ಅವಧಿ ಬಹುಪಾಲು ಮೊದಲೇ ಮುಗಿಯುತ್ತದೆ. ಕಡತವನ್ನು ಮುಂದಿನವರಿಗೆ ಕೊಡುವಾಗ ಮೊದಲ ಹಾಳೆಯಲ್ಲಿ ಮುಂದಿನ ತಾರೀಖು, ವಯಸ್ಸಿನ ದಾಖಲೆಯ ಸ್ಥಿತಿ, ಪರಿಹಾರ ಎಲ್ಲಿ ನಿಂತಿದೆ, ಮಗುವಿನ ಜೊತೆಗಿರಲು ಮಕ್ಕಳ ಕಲ್ಯಾಣ ಸಮಿತಿ ನೇಮಿಸಿದ ಬೆಂಬಲ ವ್ಯಕ್ತಿ ಯಾರು ಎಂದು ಬರೆದಿಡಿ. ಆರೋಪಿ ಬಿಡುಗಡೆಯಾದರೂ ಪರಿಹಾರ ಕೇಳಬಹುದು, ಸಂತ್ರಸ್ತರು ಮೇಲ್ಮನವಿಯನ್ನೂ ಹಾಕಬಹುದು. ತೀರ್ಪಿನ ದೃಢೀಕೃತ ಪ್ರತಿಗೆ ಅವತ್ತೇ ಅರ್ಜಿ ಕೊಟ್ಟು ಮನೆಗೆ ಹೋಗಿ.