ಮೇಳದ ಮಳಿಗೆಯಲ್ಲಿ ಪುಕ್ಕಟೆ ಏನು ಕೊಡಬೇಕು, ಹೇಗೆ ಕೊಡಬೇಕು

ನಾನು ಶಿರಸಿಯವಳು. ಮುರುಗಲು (ಕೋಕಂ ಅನ್ನುವ ಹುಳಿ ಹಣ್ಣು), ಕಾಳುಮೆಣಸು, ಅಪ್ಪೆಮಿಡಿ ಉಪ್ಪಿನಕಾಯಿ, ಇಷ್ಟೇ ನಮ್ಮ ಮನೆಯ ವ್ಯಾಪಾರ. ವರ್ಷಕ್ಕೆ ಎರಡೋ ಮೂರೋ ಮೇಳಕ್ಕೆ ಮಳಿಗೆ ಹಾಕುತ್ತೇವೆ. ಬೆಂಗಳೂರಿನ ಅರಮನೆ ಮೈದಾನದ ಸಾವಯವ ಮತ್ತು ಸಿರಿಧಾನ್ಯ ಮೇಳಕ್ಕೆ ಹೋಗಿದ್ದೇವೆ. ತುಮಕೂರು ರಸ್ತೆಯ ಬಿಐಇಸಿ ಪ್ರದರ್ಶನ ಕೇಂದ್ರಕ್ಕೆ ಹೋಗಿದ್ದೇವೆ. ಒಮ್ಮೆ ಧೈರ್ಯ ಮಾಡಿ ದಿಲ್ಲಿಯ ಪ್ರಗತಿ ಮೈದಾನದಲ್ಲಿ ಮಾರ್ಚ್ ತಿಂಗಳಲ್ಲಿ ನಡೆಯುವ ಆಹಾರ ಉದ್ಯಮದ ಮೇಳ ಆಹಾರ್‌ಗೂ ಹೋಗಿ ಬಂದೆವು. ಈಗ ನಮ್ಮ ಸುತ್ತಿನ ಸ್ವಸಹಾಯ ಸಂಘದವರು, ಹೊಸದಾಗಿ ಚಿಪ್ಸ್, ಹಪ್ಪಳ ಶುರು ಮಾಡಿದವರು ಮೇಳಕ್ಕೆ ಹೊರಡುವ ಮೊದಲು ಮನೆಗೆ ಬರುತ್ತಾರೆ. ಎಲ್ಲರೂ ಕೇಳುವುದು ಒಂದೇ: "ಅಕ್ಕಾ, ಬಂದವರಿಗೆ ಹಂಚೋಕೆ ಏನು ಮಾಡಿಸಲಿ? ಪೆನ್ನು ಮಾಡಿಸ್ಲಾ, ಚೀಲ ಮಾಡಿಸ್ಲಾ?" ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಪೆನ್ನೋ ಚೀಲವೋ ಅನ್ನುವ ಮೊದಲು ಆ ಮೇಳಕ್ಕೆ ಯಾರು ಬರುತ್ತಾರೆ ಎಂದು ನೋಡಿ. ಧಾರವಾಡದ ಕೃಷಿ ಮೇಳಕ್ಕೆ ಬರುವವರು ರೈತರು. ಮನೆಮಂದಿಯನ್ನೆಲ್ಲ ಕರೆದುಕೊಂಡು ಬರುತ್ತಾರೆ. ಅಲ್ಲಿ ಕೈಗೆ ಕೊಟ್ಟದ್ದು ನೇರ ಮನೆಗೆ ಹೋಗುತ್ತದೆ. ವ್ಯಾಪಾರದವರ ಮೇಳ ಹಾಗಲ್ಲ. ಅಲ್ಲಿಗೆ ಹೋಟೆಲಿನ ಖರೀದಿ ನೋಡಿಕೊಳ್ಳುವವರು, ಡಿಸ್ಟ್ರಿಬ್ಯೂಟರ್‌ಗಳು, ರಫ್ತು ಮಾಡುವವರು, ಅಂಗಡಿ ಸರಪಳಿಯವರು ಬರುತ್ತಾರೆ. ಒಂದೇ ದಿನ ನೂರಾರು ಮಳಿಗೆ ನೋಡುತ್ತಾರೆ. ಸಂಜೆಯ ಹೊತ್ತಿಗೆ ಅವರ ಕೈಚೀಲದಲ್ಲಿ ಕರಪತ್ರದ ದೊಡ್ಡ ಕಟ್ಟೇ ಇರುತ್ತದೆ. ರಾತ್ರಿ ಹೋಟೆಲಿನ ಕೋಣೆಯಲ್ಲಿ ಅದನ್ನೆಲ್ಲ ಮಂಚದ ಮೇಲೆ ಸುರಿದು, ಬೇಕಾದ್ದು ಇಟ್ಟುಕೊಂಡು ಬೇಡದ್ದು ಕಸದ ಬುಟ್ಟಿಗೆ ಹಾಕುತ್ತಾರೆ. ನೀವು ಕೊಟ್ಟ ವಸ್ತುವಿನ ಪರೀಕ್ಷೆ ನಡೆಯುವುದು ಆ ಕೋಣೆಯಲ್ಲಿ. ಇದು ತಲೆಗೆ ಹೋದಮೇಲೆ ನಾವು ಕೊಡುವ ವಸ್ತುವೇ ಬೇರೆಯಾಯಿತು.

ಮೊದಲ ಮೇಳಕ್ಕೆ ನಾವು ಸಾವಿರ ಪೆನ್ನು ಮಾಡಿಸಿದ್ದೆವು. ಎರಡನೇ ದಿನ ಮಧ್ಯಾಹ್ನಕ್ಕೆ ಎಲ್ಲ ಖಾಲಿ. ಆಮೇಲೆ ಬಂದ ಫೋನ್ ಎರಡೇ ಎರಡು, ಅವೂ ಪೆನ್ನಿನಿಂದಾಗಿ ಬಂದದ್ದಲ್ಲ. ಪೆನ್ನು ಬರೆಯುತ್ತದೆ, ಸರಿ. ಆದರೆ ಅದಕ್ಕೂ ಮುರುಗಲಿಗೂ ಏನು ಸಂಬಂಧ?

ಈಗ ನಾವು ಕೊಡುವುದು ಒಂದು ಸಣ್ಣ ಪೊಟ್ಟಣ. ಅದರಲ್ಲಿ ಉಪ್ಪು ಹಾಕದೆ ಒಣಗಿಸಿದ ಮುರುಗಲು ಸಿಪ್ಪೆ ನಾಲ್ಕು ಇರುತ್ತವೆ. ಒಳಗೆ ಬಟರ್ ಪೇಪರ್, ಹೊರಗೆ ಕಂದು ಬಣ್ಣದ ದಪ್ಪ ಕಾಗದದ ಕವರ್. ಬಟರ್ ಪೇಪರ್ ಇಲ್ಲದಿದ್ದರೆ ಸಿಪ್ಪೆಯ ಹುಳಿ ಕವರಿಗೆ ಹತ್ತಿ ಕೆಂಪು ಕಲೆಯಾಗುತ್ತದೆ. ಕವರಿನ ಮೇಲೆ ಮೂರೇ ಸಾಲು: ಒಂದು ಲೋಟ ಬಿಸಿನೀರಿಗೆ ಹಾಕಿ. ಹದಿನೈದು ನಿಮಿಷ ಬಿಡಿ. ಸಕ್ಕರೆ ಕಲಸಿ ಕುಡಿಯಿರಿ. ತುಂಬಾ ಹೋಟೆಲ್ ಕೋಣೆಗಳಲ್ಲಿ ಚಹಾ ಮಾಡಿಕೊಳ್ಳಲು ಕೆಟಲ್ ಇರುತ್ತದೆ, ಪಕ್ಕದಲ್ಲೇ ಸಕ್ಕರೆ ಪೊಟ್ಟಣ ಇರುತ್ತದೆ. ಅಲ್ಲಿರುವುದರಲ್ಲೇ ಕೆಲಸ ಆಗಬೇಕು. ಮೊದಲು ಬೆಲ್ಲದ ತುಂಡನ್ನೂ ಒಳಗೇ ಹಾಕಿದ್ದೆವು. ಬೆಲ್ಲ ನೀರೊಡೆದು ಸಿಪ್ಪೆಗೆ ಅಂಟಿ, ಪೊಟ್ಟಣವೆಲ್ಲ ಜಿಗುಟಾಯಿತು. ಬೆಲ್ಲವೇ ಚೆಂದ ಅಂತ ನನಗೆ ಈಗಲೂ ಅನಿಸುತ್ತದೆ, ಆದರೆ ಪೊಟ್ಟಣಕ್ಕೆ ಅದು ಆಗಿಬರುವುದಿಲ್ಲ.

ಬೆಂಗಳೂರಿನ ಒಂದು ಮೇಳದಲ್ಲಿ ಎರಡನೇ ದಿನ ಬೆಳಿಗ್ಗೆ, ಮೈಸೂರು ಕಡೆಯ ಹೋಟೆಲಿನವರೊಬ್ಬರು ಮಳಿಗೆ ಹುಡುಕಿಕೊಂಡು ಬಂದರು. ಫೋನಿನಲ್ಲಿ ಗಾಜಿನ ಲೋಟದ ಫೋಟೋ ತೋರಿಸಿದರು. ದಾಳಿಂಬೆ ಕಾಳಿನ ಹಾಗೆ ಕೆಂಪು. "ಮೇಡಂ, ಇದಕ್ಕೆ ಬಣ್ಣ ಹಾಕಿದ್ದೀರಾ?" ಅಂದರು. ನಾನು ಡಬ್ಬಿಯಿಂದ ಒಂದು ಸಿಪ್ಪೆ ತೆಗೆದು, ಅವರ ಎದುರೇ ತಣ್ಣೀರಿನ ಲೋಟಕ್ಕೆ ಬಿಟ್ಟೆ. ಸಿಪ್ಪೆಯಿಂದ ಕೆಂಪು ಎಳೆ ಎಳೆಯಾಗಿ ಇಳಿಯುವುದನ್ನು ನೋಡುತ್ತಾ ನಿಂತರು. ಆಮೇಲೆ ಕೂತು ರೇಟು ಕೇಳಿದರು. ಆ ಪೊಟ್ಟಣಕ್ಕೆ ನಮಗೆ ಬಿದ್ದದ್ದು ಆರು ರೂಪಾಯಿ.

ನಿಮ್ಮ ಮಾಲು ಬೇರೆ ಇರಬಹುದು, ದಾರಿ ಇದೇ. ನಿಮ್ಮ ವಸ್ತುವಿನ ಒಂದು ಗುಣವನ್ನು ಅವರೇ ಒಂಟಿಯಾಗಿ, ಬೇರೆ ಸಾಮಾನಿಲ್ಲದೆ, ಆ ರಾತ್ರಿಯೇ ನೋಡುವಂತಿರಬೇಕು. ಏಲಕ್ಕಿಯವರು ನಾಲ್ಕು ಕಾಯಿ ಕೊಡಲಿ, ಚಹಾಕ್ಕೆ ಹಾಕಿಕೊಳ್ಳಲಿ. ಬಾಳೆಕಾಯಿ ಚಿಪ್ಸಿನವರದು ಸುಲಭ, ಹಸಿದವರು ಅಲ್ಲೇ ತಿಂದುಬಿಡುತ್ತಾರೆ. ಆದರೆ ಹೆಸರು ಇರುವ ಕವರ್ ಮೇಳದ ಕಸದ ಬುಟ್ಟಿಯಲ್ಲೇ ಉಳಿಯುತ್ತದೆ, ಹಾಗಾಗಿ ಕಾರ್ಡನ್ನು ಬೇರೆಯಾಗಿ ಕೊಡಬೇಕು. ಉಪ್ಪಿನಕಾಯಿಯನ್ನು ಮಾತ್ರ ಹಂಚಬೇಡಿ. ಒಮ್ಮೆ ನಾವು ಕೊಟ್ಟ ಸಣ್ಣ ಬಾಟಲಿ ಗ್ರಾಹಕರೊಬ್ಬರ ಬ್ಯಾಗಿನಲ್ಲಿ ಸೋರಿ ಅವರ ಬಿಳಿ ಅಂಗಿ ಹಾಳಾಯಿತು. ಅವರು ದೊಡ್ಡ ಮನಸ್ಸಿನವರು, ಫೋನ್ ಮಾಡಿ ಹೇಳಿದರು. ಹೇಳದೇ ಉಳಿದವರು ಎಷ್ಟು ಜನವೋ! ಉಪ್ಪಿನಕಾಯಿಯನ್ನು ಮಳಿಗೆಯಲ್ಲೇ ಚಮಚದ ತುದಿಯಲ್ಲಿ ರುಚಿ ತೋರಿಸಿ, ಬೇಕೆಂದವರಿಗೆ ಕೊರಿಯರ್ ಮಾಡಿ. ಶರಬತ್ತಿನ ಬಾಟಲಿಗೂ ಇದೇ ಮಾತು. ಹೊರದೇಶಕ್ಕೆ ವಿಮಾನದಲ್ಲಿ ಹೋಗುವವರಿಗೆ 100 ಎಂಎಲ್‌ಗಿಂತ ದೊಡ್ಡ ಬಾಟಲಿಯನ್ನು ಕೈಚೀಲದಲ್ಲಿ ಒಯ್ಯಲು ಬಿಡುವುದಿಲ್ಲ.

ಹೆಸರಿನ ವಿಷಯ ಒಂದಿದೆ. ನಾವು ಮುರುಗಲು ಅನ್ನುತ್ತೇವೆ, ಕಾರವಾರದ ಕೊಂಕಣಿಯವರು ಬಿರಿಂಡಾ ಅನ್ನುತ್ತಾರೆ, ದಿಲ್ಲಿಯವರಿಗೆ ಕೋಕಂ ಅಂದರೇನೇ ಗೊತ್ತು. ಕೇರಳದ ವ್ಯಾಪಾರಿಗಳು ಒಣ ಸಿಪ್ಪೆ ನೋಡಿದ ಕೂಡಲೇ ಕುಡಂಪುಳಿ ಎಂದುಕೊಳ್ಳುತ್ತಾರೆ. ಅದು ನಮ್ಮ ಉಪ್ಪಾಗೆ, ಬೇರೆ ಮರ. ಕವರಿನ ಮೇಲೆ ಎರಡು ಮೂರು ಹೆಸರು ಹಾಕಿಸಿ. ಮಳಿಗೆಯಲ್ಲಿ ಅರ್ಧ ಮಾತು ಉಳಿತಾಯವಾಗುತ್ತದೆ.

ಇನ್ನು ಚೀಲ. ಬಟ್ಟೆ ಚೀಲ ಒಳ್ಳೆಯದೇ, ಆದರೆ ಎಲ್ಲರಿಗೂ ಹಂಚುವ ವಸ್ತು ಅದಲ್ಲ. ಒಂದಕ್ಕೆ ನಮಗೆ ಐವತ್ತೈದು ರೂಪಾಯಿ ಬಿದ್ದಿತ್ತು. ಐವತ್ತು ಚೀಲ ಮಾಡಿಸಿ, ಕೂತು ಮಾತಾಡಿದವರಿಗೆ ಮಾತ್ರ ಕೊಡಿ. ಕೋರಾ ಬಟ್ಟೆಯದಾಗಿರಲಿ. ಹಿಡಿಕೆ ಉದ್ದ ಇರಲಿ, ಹೆಗಲಿಗೆ ಹಾಕಿಕೊಂಡು ನಡೆಯುವ ಹಾಗೆ. ಈಗ ಮಾದಾವರದವರೆಗೆ ಮೆಟ್ರೋ ಬಂದಮೇಲೆ ಬಿಐಇಸಿಗೆ ಎಷ್ಟೋ ಜನ ರೈಲಿನಲ್ಲೇ ಬರುತ್ತಾರೆ, ಕೈ ಖಾಲಿ ಇರಬೇಕು ಅವರಿಗೆ. ಅಡಿಯ ಹೊಲಿಗೆಯನ್ನು ನೀವೇ ಜಗ್ಗಿ ನೋಡಿ ತೆಗೆದುಕೊಳ್ಳಿ. ನೋಡಲು ಬಟ್ಟೆಯಂತೆಯೇ ಇರುವ ನಾನ್‌ವೋವನ್ ಚೀಲ ಪ್ಲಾಸ್ಟಿಕ್ಕೇ, ಮೋಸ ಹೋಗಬೇಡಿ. ಕರ್ನಾಟಕದಲ್ಲಿ 2016ರಿಂದಲೇ ಪ್ಲಾಸ್ಟಿಕ್ ಕೈಚೀಲ, ಫ್ಲೆಕ್ಸ್, ತಟ್ಟೆ, ಲೋಟ, ಚಮಚಕ್ಕೆ ನಿಷೇಧವಿದೆ. 2022ರ ಜುಲೈ 1ರಿಂದ ಬಲೂನಿನ ಪ್ಲಾಸ್ಟಿಕ್ ಕಡ್ಡಿ, ಪ್ಲಾಸ್ಟಿಕ್ ಬಾವುಟ, 100 ಮೈಕ್ರಾನಿಗಿಂತ ತೆಳುವಾದ ಪಿವಿಸಿ ಬ್ಯಾನರ್ ಇಡೀ ದೇಶದಲ್ಲಿ ಇಲ್ಲ. ಕಾಡಿನ ಹಣ್ಣು ಮಾರುವವರು ನಾವು. ನಮ್ಮ ಕೈಯಿಂದ ಪ್ಲಾಸ್ಟಿಕ್ ಹೋಗಬಾರದು ಅಂತ ನನ್ನ ಮನಸ್ಸಿಗೂ ಇದೆ.

ಚೀಲದ ಮುದ್ರಣದಲ್ಲಿ ನಮಗೆ ಆದ ನಷ್ಟವನ್ನು ಬಿಡಿಸಿ ಹೇಳಬೇಕು, ಕನ್ನಡದಲ್ಲಿ ಅಚ್ಚು ಹಾಕಿಸುವ ಎಲ್ಲರಿಗೂ ಬೇಕಾದ್ದು ಇದು. ಹೊರರಾಜ್ಯದ ಒಬ್ಬರಿಗೆ ಆರ್ಡರ್ ಕೊಟ್ಟಿದ್ದೆವು. ಬರಹವನ್ನು ವಾಟ್ಸ್ಆ್ಯಪ್‌ನಲ್ಲಿ ಟೈಪ್ ಮಾಡಿ ಕಳಿಸಿದೆ. ಬಂಡಲ್ ಬಂತು, ಬಿಚ್ಚಿದೆ. "ಅಪ್ಪೆಮಿಡಿ" ಇರಬೇಕಾದಲ್ಲಿ "ಅಪ್‌ಪೆಮಿಡಿ" ಅಂತಿತ್ತು. "ಉತ್ತರ ಕನ್ನಡ" ಅನ್ನುವುದು "ಉತ್‌ತರ ಕನ್‌ನಡ" ಆಗಿತ್ತು. ಒತ್ತಕ್ಷರವೆಲ್ಲ ಬಿಚ್ಚಿಕೊಂಡು ಸಾಲಾಗಿ ನಿಂತಿದ್ದವು. ಇನ್ನೂರು ಚೀಲ! ಅವರ ಕಂಪ್ಯೂಟರಿನಲ್ಲಿ ಕನ್ನಡ ಸರಿಯಾಗಿ ಕೂರುತ್ತಿರಲಿಲ್ಲ, ಕನ್ನಡ ಓದಲು ಬರುವವರೂ ಅಲ್ಲಿರಲಿಲ್ಲ. ನಮ್ಮ ಊರಿನ ಹೆಸರನ್ನು ಹಾಗೆ ನೋಡಿ ನನಗೆ ಕಣ್ಣಲ್ಲಿ ನೀರು ಬಂತು. ಅವತ್ತಿನಿಂದ ನಮ್ಮದೊಂದು ಕಟ್ಟುಪಾಡು. ಅಕ್ಷರವನ್ನು ಇಲ್ಲೇ ಊರಿನ ಡಿಟಿಪಿಯವರ ಹತ್ತಿರ ಕೂಡಿಸಿ, ಕರ್ವ್ಸ್‌ಗೆ ಬದಲಿಸಿ, ಪಿಡಿಎಫ್ ಮಾಡಿ ಕಳಿಸುವುದು. ಕರ್ವ್ಸ್ ಮಾಡಿದರೆ ಅಕ್ಷರ ಬರೀ ಗೆರೆಯ ಚಿತ್ರವಾಗುತ್ತದೆ, ನುಡಿ, ಬರಹದಂಥ ಕನ್ನಡ ತಂತ್ರಾಂಶ ಅವರ ಹತ್ತಿರ ಇರಲಿ ಬಿಡಲಿ, ಒಡೆಯುವುದಿಲ್ಲ. ಆಮೇಲೆ ಒಂದೇ ಒಂದು ಚೀಲ ಅಚ್ಚು ಹಾಕಿಸಿ ಫೋಟೋ ತರಿಸಿ, ಮನೆಯಲ್ಲಿ ಇಬ್ಬರು ಓದಿದ ಮೇಲೆಯೇ ಉಳಿದದ್ದಕ್ಕೆ ಹೂಂ ಅನ್ನುವುದು.

ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಒಂದೊಂದು ಬಣ್ಣಕ್ಕೂ ಬೇರೆ ಫ್ರೇಮ್ ಬೇಕು, ಹಾಗಾಗಿ ಬಣ್ಣ ಜಾಸ್ತಿ ಆದಷ್ಟೂ ದುಡ್ಡು ಜಾಸ್ತಿ. ಕೋರಾ ಬಟ್ಟೆಯ ಮೇಲೆ ಒಂದೇ ಗಾಢ ಬಣ್ಣ ಸಾಕು. ಕ್ಯೂಆರ್ ಕೋಡನ್ನು ಬಟ್ಟೆಯ ಮೇಲೆ ಹಾಕಿಸಬೇಡಿ, ನೇಯ್ಗೆಯಲ್ಲಿ ಚೌಕಗಳು ಒಡೆದು ಫೋನಿಗೆ ಹಿಡಿಯುವುದಿಲ್ಲ. ಕಾರ್ಡಿನ ಮೇಲೆ ಹಾಕಿ. ಎರಡು ಸೆಂಟಿಮೀಟರಿಗಿಂತ ಸಣ್ಣದಾಗದಿರಲಿ, ಸುತ್ತ ಬಿಳಿ ಜಾಗ ಇರಲಿ. ಫೋನ್ ನಂಬರನ್ನು ಅಂಕೆಯಲ್ಲೂ ಬರೆಸಿ, ಮೇಳದ ಸಭಾಂಗಣದೊಳಗೆ ಎಷ್ಟೋ ಸಲ ನೆಟ್‌ವರ್ಕೇ ಇರುವುದಿಲ್ಲ.

ಕಾಯ್ದೆಯದ್ದು ಚುಟುಕಾಗಿ ಹೇಳುತ್ತೇನೆ. ತಿನ್ನುವ ವಸ್ತು ಪುಕ್ಕಟೆ ಕೊಟ್ಟರೂ ಆಹಾರ ಸುರಕ್ಷತಾ ಪ್ರಾಧಿಕಾರ ಕೊಡುವ 14 ಅಂಕೆಯ ಎಫ್‌ಎಸ್‌ಎಸ್‌ಎಐ ನಂಬರು, ಹಸಿರು ಚುಕ್ಕೆ, ಎಂದಿನವರೆಗೆ ಬಳಸಬಹುದು ಅನ್ನುವ ತಾರೀಖು ಹಾಕಿಸಿಬಿಡಿ. ನ್ಯೂಸ್ ಪೇಪರಿನಲ್ಲಿ ಕಟ್ಟಿ ಕೊಡುವುದು ಬೇಡವೇ ಬೇಡ, ಅದಕ್ಕೆ ನಿಷೇಧವಿದೆ. ಸ್ಟೇಪ್ಲರ್ ಪಿನ್ನೂ ಬೇಡ, ದಾರ ಕಟ್ಟಿ. ಪುಕ್ಕಟೆ ಹಂಚಿದ ಸ್ಯಾಂಪಲ್ಲಿಗೆ, ಉಡುಗೊರೆಗೆ ಜಿಎಸ್‌ಟಿಯಲ್ಲಿ ಇನ್‌ಪುಟ್ ಕ್ರೆಡಿಟ್, ಅಂದರೆ ಕೊಳ್ಳುವಾಗ ಕಟ್ಟಿದ ತೆರಿಗೆಯ ವಜಾ, ಸಿಗುವುದಿಲ್ಲ, 17(5) ಕಲಮಿನಲ್ಲಿದೆ. ಖರ್ಚು ಹಾಕುವಾಗ ತೆರಿಗೆ ಸೇರಿಸಿಯೇ ಹಾಕಿ. ಇನ್ನೊಂದು, ಶಿರಸಿ ಅಡಿಕೆಗೆ 2019ರಲ್ಲಿ ಜಿಐ (ಊರಿನ ವಿಶೇಷಕ್ಕೆ ಸಿಗುವ ಭೌಗೋಳಿಕ ಗುರುತು) ಬಂತು, ಅಂಕೋಲೆಯ ಕರಿ ಈಶಾಡಿ ಮಾವಿಗೆ 2023ರಲ್ಲಿ. ನಮ್ಮೂರಿನದೇ ಅಲ್ವಾ ಅಂತ ಜಿಐ ಗುರುತನ್ನು ಸುಮ್ನೆ ಅಚ್ಚು ಹಾಕಿಸಬಾರದು. ಅದಕ್ಕೆ ಅಧಿಕೃತ ಬಳಕೆದಾರರಾಗಿ ಹೆಸರು ನೋಂದಾಯಿಸಿರಬೇಕು.

ಕೊಡುವ ರೀತಿಗೆ ಬರೋಣ. ಪೊಟ್ಟಣವನ್ನು ಮೇಜಿನ ಮೇಲೆ ರಾಶಿ ಹಾಕಬೇಡಿ. ರಾಶಿ ಇದ್ದರೆ ಜನ ನಿಲ್ಲದೆ ಕೈ ಹಾಕಿ ಮುಂದೆ ಹೋಗುತ್ತಾರೆ. ಮೇಜಿನ ಕೆಳಗಿನ ಪೆಟ್ಟಿಗೆಯಲ್ಲಿಡಿ. ಮೂರು ಮೀಟರ್ ಚೌಕದ ಮಳಿಗೆಯಲ್ಲಿ ಬೇರೆ ಜಾಗವೂ ಇರುವುದಿಲ್ಲ. ಬಂದವರು ಏನು ಮಾಡುತ್ತಾರೆ, ಎಲ್ಲಿಯವರು, ಈಗ ಯಾರಿಂದ ತರಿಸುತ್ತಾರೆ, ಇಷ್ಟು ಕೇಳಿ. ಎರಡು ನಿಮಿಷ ಮಾತಾದ ಮೇಲೆ ಬಗ್ಗಿ, ಪೊಟ್ಟಣ ತೆಗೆದು, ಎರಡೂ ಕೈಯಿಂದ ಕೊಡಿ. "ಇವತ್ತು ರಾತ್ರಿ ಕೋಣೆಯಲ್ಲಿ ಮಾಡಿ ನೋಡಿ" ಅಂತ ಬಾಯಲ್ಲೂ ಹೇಳಿ. ಮಕ್ಕಳು, ಕಾಲೇಜಿನವರು ಕೇಳಿದರೆ ಇಲ್ಲ ಅನ್ನಬೇಡಿ, ಮನೆಯಲ್ಲಿ ಅಮ್ಮನಿಗೆ ಕೊಡು ಅಂತ ಹೇಳಿ ಕೊಡಿ. ಅದಕ್ಕೆಂದೇ ನೂರು ಪೊಟ್ಟಣ ಜಾಸ್ತಿ ಒಯ್ಯುತ್ತೇವೆ. ಮೂರು ದಿನದ ಮೇಳಕ್ಕೆ ನಮಗೆ ಒಟ್ಟು ಆರುನೂರು ಸಾಕು. ದಿನಕ್ಕೆ ಇನ್ನೂರರಂತೆ ಬೇರೆ ಬೇರೆ ಕಟ್ಟಿಡುತ್ತೇವೆ. ಇಲ್ಲದಿದ್ದರೆ ಕೊನೆಯ ದಿನ ಬಂದವರಿಗೆ ಬರೀ ಕೈ.

ಕಾಳುಮೆಣಸು ಕೊಳ್ಳುವವರಿಗೆ ಪೊಟ್ಟಣದ ಆಟ ನಡೆಯುವುದಿಲ್ಲ. ಅವರು ಅಂಗೈಯಲ್ಲಿ ಹಾಕಿಕೊಂಡು ಹೊರಳಿಸಿ, ಒಂದು ಕಾಳು ಹಲ್ಲಿನಲ್ಲಿ ಕಡಿದು ನೋಡುತ್ತಾರೆ. ಅವರಿಗೆ ನೂರು ಗ್ರಾಂ ಸ್ಯಾಂಪಲ್ ಕೊಡಿ. ಮೇಲೆ ಲಾಟ್ ನಂಬರು, ತೇವಾಂಶ, ಲೀಟರ್ ತೂಕ (ಒಂದು ಲೀಟರ್ ಅಳತೆಯ ಕಾಳಿನ ತೂಕ) ಬರೆದಿರಬೇಕು. ಅದೇ ಲಾಟಿನದು ಮನೆಯಲ್ಲೂ ಒಂದು ಡಬ್ಬಿ ತೆಗೆದಿಡಿ. ನಾಳೆ ಮಾಲು ಕಳಿಸಿದಾಗ "ಸ್ಯಾಂಪಲ್ಲಿನಂತಿಲ್ಲ" ಅಂದರೆ ಎದುರು ಇಟ್ಟು ನೋಡಬಹುದು. ತೀರಾ ಮನಸ್ಸಿಟ್ಟು ಮಾತಾಡಿದ ಹತ್ತು ಜನರಿಗೆ ನಾನು ಕರಾವಳಿ ಕಡೆಯಿಂದ ತರಿಸಿದ ಲಾವಂಚದ ಬೇರಿನ ಸಣ್ಣ ಕಟ್ಟು ಕೊಡುತ್ತೇನೆ. ಬಟ್ಟೆಯ ಬೀರುವಿನಲ್ಲಿ ಇಟ್ಟರೆ ತಿಂಗಳುಗಟ್ಟಲೆ ಘಮ ಇರುತ್ತದೆ. ಅದನ್ನು ನಾವು ಮಾರುವುದಿಲ್ಲ, ನಮ್ಮ ಜಿಲ್ಲೆಯ ನೆನಪಿಗೆ ಕೊಡುವುದು.

ಪ್ರತಿಯೊಬ್ಬರ ಕಾರ್ಡಿನ ಹಿಂದೆ ಆಗಲೇ ಬರೆದುಬಿಡಿ: ಏನು ಕೇಳಿದರು, ಏನು ಕೊಟ್ಟೆವು. ನಮ್ಮ ಮನೆಯವರು ಮಾತಾಡುತ್ತಾರೆ, ನಾನು ಬರೆಯುತ್ತೇನೆ. ಕಾರ್ಡ್ ಇಲ್ಲದವರಿಗೆ ಉದ್ದ ನೋಟ್‌ಬುಕ್ ಇದೆ. ರಾತ್ರಿ ಬರೆಯೋಣ ಅಂದರೆ ಮುಖವೂ ನೆನಪಿರುವುದಿಲ್ಲ, ಹೆಸರೂ ಇಲ್ಲ.

ಸಾಮಾನು ಒಯ್ಯುವುದನ್ನು ಮಳೆಗಾಲದಲ್ಲಿ ಸಡಿಲ ಬಿಡಬೇಡಿ. ನಮ್ಮ ಕಡೆ ಆಷಾಢದಲ್ಲಿ ಗೋಡೆಯೂ ಬೆವರುತ್ತದೆ. ಮಡಚಿಟ್ಟ ಬಟ್ಟೆ ಚೀಲಕ್ಕೆ ವಾರದಲ್ಲಿ ಬೂಷ್ಟು ಬರುತ್ತದೆ, ಕಾಗದದ ಕವರ್ ಮೆತ್ತಗಾಗುತ್ತದೆ. ಪೊಟ್ಟಣ ಕಟ್ಟುವ ಕೆಲಸ ಹೊರಡುವ ಹಿಂದಿನ ಎರಡು ದಿನ ಇಟ್ಟುಕೊಳ್ಳಿ, ಒಲೆಯ ಮೇಲಿನ ಅಟ್ಟದಲ್ಲಿ ಸಿಪ್ಪೆಯನ್ನು ಇನ್ನೊಮ್ಮೆ ಬೆಚ್ಚಗೆ ಮಾಡಿಕೊಂಡು ಕಟ್ಟಿ. ಶಿರಸಿಗೆ ರೈಲಿಲ್ಲ, ಪೆಟ್ಟಿಗೆಗಳು ಬಸ್ಸಿನ ಪಾರ್ಸೆಲ್ಲಿನಲ್ಲೇ ಹೋಗಬೇಕು. ಮೇಳಕ್ಕೆ ಮೂರು ದಿನ ಮೊದಲೇ ಹಾಕಿ. ಮೊದಲ ದಿನಕ್ಕೆ ಬೇಕಾದ ಇನ್ನೂರು ಪೊಟ್ಟಣ ಮಾತ್ರ ನಿಮ್ಮ ಕೈಯಲ್ಲೇ ಇರಲಿ.

ಊರಿಗೆ ಬಂದ ನಾಲ್ಕು ದಿನದೊಳಗೆ ಎಲ್ಲರಿಗೂ ಒಂದೊಂದು ಮೆಸೇಜ್ ಹಾಕಿ. "ಹಲೋ ಸರ್, ನಮ್ಮ ಕಂಪನಿ" ಅಂತ ಶುರು ಮಾಡಬೇಡಿ. ಕಾರ್ಡಿನ ಹಿಂದೆ ಬರೆದದ್ದನ್ನು ನೋಡಿ, "ಮುರುಗಲು ಕುಡಿದು ನೋಡಿದಿರಾ? ಬಣ್ಣ ಹೇಗೆ ಬಂತು?" ಅಂತ ಕೇಳಿ. ಉತ್ತರ ಬಂದವರಿಗೆ ರೇಟ್ ಪಟ್ಟಿ ಕಳಿಸಿ, ಬಾರದವರಿಗೆ ಹದಿನೈದು ದಿನ ಬಿಟ್ಟು ಒಂದು ಫೋನ್. ಮಿಕ್ಕ ಪೊಟ್ಟಣಗಳನ್ನು ಮುಂದಿನ ಮೇಳಕ್ಕೆ ಇಡಬೇಡಿ. ಎಣಿಸಿ ಪುಸ್ತಕದಲ್ಲಿ ಬರೆದು, ಬಿಚ್ಚಿ, ಸಿಪ್ಪೆಯನ್ನು ಮನೆಯ ಸಾರಿಗೆ ಹಾಕಿಕೊಳ್ಳಿ. ಕಳೆದ ಸಲ ನಮ್ಮಲ್ಲಿ ಉಳಿದದ್ದು ಮೂವತ್ತೆರಡು.